ಫ್ರೆಂಚ್ ಕಲಿತು ಕೆನಡಾಕ್ಕೆ ಹೊರಡುವವರಿಗೆ

ರಜೆಗೆಂದು ಒಟ್ಟಾವಾದಿಂದ ರಾಜಾಜಿನಗರದ ಮನೆಗೆ ಬಂದು ಮೂರು ವಾರವಾಯಿತು. ಬಂದವರೆಲ್ಲ ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವುದು ಒಂದೇ: ಫ್ರೆಂಚ್ ಕಲಿತರೆ ಕೆನಡಾದ ಪಿಆರ್, ಅಂದರೆ ಅಲ್ಲಿ ಕಾಯಂ ನೆಲೆಸುವ ಅನುಮತಿ, ಸಿಗುತ್ತದೆ ಎನ್ನುವುದು ನಿಜವೇ? ಮೊನ್ನೆ ಹಿಂದಿನ ಬೀದಿಯ ಹುಡುಗಿಯೊಬ್ಬಳು ತನ್ನ ಕಾಗದಪತ್ರಗಳ ಕಡತವನ್ನೇ ಹಿಡಿದು ಬಂದಿದ್ದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವಳಿಗೆ 32 ವರ್ಷ, ಮದುವೆಯಾಗಿಲ್ಲ, ಬಿ.ಇ. ಓದಿದ್ದಾಳೆ, ಸಾಫ್ಟ್‌ವೇರ್ ಕೆಲಸದಲ್ಲಿ ಎಂಟು ವರ್ಷದ ಅನುಭವವಿದೆ. ಕೆನಡಾ ಅರ್ಜಿದಾರರಿಗೆ ಅಂಕ ಕೊಟ್ಟು, ಸುತ್ತು ಸುತ್ತಾಗಿ ಹೆಚ್ಚು ಅಂಕದವರನ್ನು ಪಿಆರ್‌ಗೆ ಆಹ್ವಾನಿಸುವ ಪದ್ಧತಿಗೆ ಎಕ್ಸ್‌ಪ್ರೆಸ್ ಎಂಟ್ರಿ ಎಂದು ಹೆಸರು. ಅದರಲ್ಲಿ ಅವಳ ವಯಸ್ಸಿಗೆ 94 ಅಂಕ, ಪದವಿಗೆ 120, ಇಂಗ್ಲಿಷಿನ ಆಲಿಸುವ, ಓದುವ, ಬರೆಯುವ, ಮಾತನಾಡುವ ನಾಲ್ಕೂ ವಿಭಾಗಗಳಲ್ಲಿ ಕೆನಡಾದ ಭಾಷಾ ಅಳತೆಯ ಒಂಬತ್ತನೇ ಮಟ್ಟವಿದ್ದರೆ 124. ಆ ಇಂಗ್ಲಿಷು ಪದವಿಯೊಂದಿಗೆ ಸೇರಿದರೆ 25, ಅನುಭವದೊಂದಿಗೆ ಸೇರಿದರೆ 50. ಒಟ್ಟು 413. ಸಾಮಾನ್ಯ ಸುತ್ತುಗಳ ಕಟ್ಆಫ್ 500 ದಾಟಿದ ಕಾಲದಲ್ಲಿ ಇದು ಸಾಲದು. ಇದಕ್ಕೆ ಫ್ರೆಂಚಿನ ನಾಲ್ಕೂ ವಿಭಾಗಗಳಲ್ಲಿ ಏಳನೇ ಮಟ್ಟ ಸೇರಿಸಿ ನೋಡಿ. ಎರಡನೇ ಭಾಷೆಗೆಂದು 12, ಹೆಚ್ಚುವರಿಯಾಗಿ 50, ಅಲ್ಲಿಗೆ 475. ಅಷ್ಟೇ ಅಲ್ಲ, 2023ರಿಂದ ಫ್ರೆಂಚ್ ಬಲ್ಲವರಿಗೆಂದೇ ಪ್ರತ್ಯೇಕ ಸುತ್ತುಗಳು ನಡೆಯುತ್ತಿವೆ. 2024ರ ಫೆಬ್ರವರಿ 29ರ ಸುತ್ತಿನಲ್ಲಿ ಕಟ್ಆಫ್ 336ಕ್ಕೆ ಇಳಿದಿತ್ತು, 2025ರ ಮಾರ್ಚ್ 21ರಂದು 379 ಇತ್ತು. ಸುತ್ತಿನಿಂದ ಸುತ್ತಿಗೆ ಇದು ಏರಿಳಿಯುತ್ತದೆ, ಇದೇ ಸಂಖ್ಯೆಯನ್ನು ನಂಬಿ ಕೂರಬೇಡಿ.

ನಾನು ಅವಳಿಗೆ ಒತ್ತಿ ಹೇಳಿದ್ದು ಇನ್ನೊಂದು ಮಾತು. ಮೂವತ್ತು ದಾಟಿದ ಮೇಲೆ ನಲವತ್ತರವರೆಗೆ ಪ್ರತಿ ಹುಟ್ಟುಹಬ್ಬಕ್ಕೂ ಐದಾರು ಅಂಕ ಹೋಗುತ್ತದೆ. 30ರಲ್ಲಿ 105 ಇದ್ದದ್ದು 40ಕ್ಕೆ 50 ಆಗುತ್ತದೆ. ಹತ್ತು ವರ್ಷ ಕಸಿದುಕೊಳ್ಳುವುದಕ್ಕಿಂತ ಹೆಚ್ಚನ್ನು ಫ್ರೆಂಚ್ ಒಂದೇ ತಂದುಕೊಡುತ್ತದೆ. ವಯಸ್ಸು ನಮ್ಮ ಕೈಯಲ್ಲಿಲ್ಲ, ಭಾಷೆ ಇದೆ. ಮೂವತ್ತೈದು ದಾಟಿತೆಂದು ಕೈಚೆಲ್ಲಿದವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕೆನಡಾಕ್ಕೆ ಇದರಿಂದ ಏನು ಲಾಭ ಎಂದು ಅವಳ ತಂದೆ ಕೇಳಿದರು. ಫ್ರೆಂಚರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯದ ಹೊರಗೆ ಫ್ರೆಂಚ್ ತಾಯ್ನುಡಿಯವರು 1971ರಲ್ಲಿ ನೂರಕ್ಕೆ ಆರರಷ್ಟಿದ್ದರು, ಈಗ ನಾಲ್ಕಕ್ಕೂ ಕೆಳಗಿಳಿದಿದ್ದಾರೆ. ಅವರ ಶಾಲೆ, ಆಸ್ಪತ್ರೆ, ಊರುಗಳು ಉಳಿಯಬೇಕೆಂದು ಸರ್ಕಾರ ಹೊರಗಿನಿಂದ ಜನರನ್ನು ಕರೆಯುತ್ತಿದೆ. ಇದ್ದ ಊರಿನಲ್ಲೇ ತಮ್ಮ ನುಡಿ ಸೊರಗುವ ನೋವನ್ನು ಬೆಂಗಳೂರಿನ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಈ ಭಾಷೆಯನ್ನು ಬರೀ ಅಂಕದ ಏಣಿ ಎಂದುಕೊಳ್ಳದೆ ಗೌರವದಿಂದ ಕಲಿಯಿರಿ ಎಂದು ಕೇಳಿಕೊಳ್ಳುತ್ತೇನೆ.

ಕ್ವಿಬೆಕ್‌ನ ದಾರಿ ಬೇರೆ. 1991ರ ಒಪ್ಪಂದದಂತೆ ಆ ಪ್ರಾಂತ್ಯ ತನ್ನ ನುರಿತ ಕೆಲಸಗಾರರನ್ನು ತಾನೇ ಆರಿಸಿಕೊಳ್ಳುತ್ತದೆ. ನಾನು ಹೇಳುತ್ತಿರುವುದು ಉಳಿದ ಪ್ರಾಂತ್ಯಗಳಲ್ಲಿ ನೆಲೆಸುವವರಿಗೆ.

ಈಗ ಪರೀಕ್ಷೆಯ ವಿಷಯ. ಇಲ್ಲಿ ನಾನು ಒಂದು ವರ್ಷ ಕಳೆದುಕೊಂಡೆ. ಡೆಲ್ಫ್ ಎಂಬ ಫ್ರೆಂಚ್ ಪರೀಕ್ಷೆಯಲ್ಲಿ ಬಿ2 ಹಂತ ಪಾಸಾದರೆ ಸಾಕು ಎಂದು ಸಲಹೆಗಾರರೊಬ್ಬರು ಹೇಳಿದರು, ಶುಲ್ಕವನ್ನೂ ಪಡೆದರು. ಕಷ್ಟಪಟ್ಟು ಪಾಸಾದೆ. ಅರ್ಜಿ ತುಂಬುವಾಗ ನೋಡಿದರೆ ಡೆಲ್ಫ್‌ಗೆ ಅಲ್ಲಿ ಜಾಗವೇ ಇಲ್ಲ. ಎಕ್ಸ್‌ಪ್ರೆಸ್ ಎಂಟ್ರಿಗೆ ನಡೆಯುವ ಫ್ರೆಂಚ್ ಪರೀಕ್ಷೆಗಳು ಟಿಇಎಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ, ಎರಡೇ. ಫಲಿತಾಂಶಕ್ಕೆ ಎರಡು ವರ್ಷದ ಆಯುಷ್ಯ. ಹಣ ಪಡೆದು ನಿಮ್ಮ ಪರವಾಗಿ ಅರ್ಜಿ ನಡೆಸುವ ಸಲಹೆಗಾರರಿಗೆ ಕೆನಡಾದ ಪರವಾನಗಿ ಇರಬೇಕು. ಅದನ್ನು ಕೇಳಿ ನೋಡಲು ಸಂಕೋಚ ಬೇಡ.

ಏಳನೇ ಮಟ್ಟ ಎಂದರೆ ಯುರೋಪಿನ ಅಳತೆಯಲ್ಲಿ ಹೆಚ್ಚುಕಡಿಮೆ ಬಿ2. ಸೊನ್ನೆಯಿಂದ ಅಲ್ಲಿಗೆ ಸುಮಾರು 600 ಗಂಟೆಯ ಪಾಠ ಬೇಕು. ಕೆಲಸದ ಜೊತೆಗೆ ಒಂದೂವರೆ ವರ್ಷ ಎಂದು ಇಟ್ಟುಕೊಳ್ಳಿ. ಆರು ತಿಂಗಳಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ನಾನು ಕಲಿತದ್ದು ವಸಂತನಗರದ ತಿಮ್ಮಯ್ಯ ರಸ್ತೆಯಲ್ಲಿರುವ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ.

ಕನ್ನಡಿಗರಿಗೆ ಈ ಭಾಷೆ ಎಲ್ಲಿ ಸಲೀಸು, ಎಲ್ಲಿ ತೊಡಕು ಎಂದು ಕೇಳಿದರೆ ಗಂಟೆಗಟ್ಟಲೆ ಹೇಳಬಲ್ಲೆ. 'ತು' ಮತ್ತು 'ವೂ' ಎಂದರೆ ನಮ್ಮ ನೀನು, ನೀವು. ಯಾರಿಗೆ ಯಾವುದು ಎಂದು ಇಂಗ್ಲಿಷ್ ಒಂದನ್ನೇ ಬಲ್ಲವರು ತಡವರಿಸುವಾಗ ನಮಗೆ ಅದು ತಾನಾಗಿ ಬರುತ್ತದೆ. ಲಿಂಗ ಮಾತ್ರ ಕಾಡುತ್ತದೆ. ನಮ್ಮಲ್ಲಿ ಅಕ್ಕಿ, ರವೆ, ಉಪ್ಪು ಎಲ್ಲವೂ ನಪುಂಸಕ. ಅಲ್ಲಿ ಒಂದು ಗಂಡು, ಇನ್ನೊಂದು ಹೆಣ್ಣು. ಅದಕ್ಕಾಗಿ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದೆ, ಹೆಣ್ಣಿಗೆ ಕೆಂಪು, ಗಂಡಿಗೆ ನೀಲಿ: ರವೆಗೆ ಕೆಂಪು ಶಾಯಿಯಲ್ಲಿ 'ಲಾ ಸೆಮೂಲ್', ಅಕ್ಕಿಗೆ ನೀಲಿಯಲ್ಲಿ 'ಲ ರೀ', ಉಪ್ಪಿಗೂ ನೀಲಿಯಲ್ಲಿ 'ಲ ಸೆಲ್'. ಒಗ್ಗರಣೆಗೆ ಕೈ ಹಾಕಿದಾಗಲೆಲ್ಲ ಓದುತ್ತಿದ್ದೆ. ಪುಸ್ತಕದಲ್ಲಿ ಮೂರು ಸಲ ಮರೆತದ್ದು ಹಾಗೆ ನಿಂತಿತು. ಎಣ್ಣೆ ಜಿಡ್ಡು ಹಿಡಿದ ಆ ಚೀಟಿಗಳನ್ನು ಅಮ್ಮ ಇನ್ನೂ ಕಿತ್ತಿಲ್ಲ.

ಆಲಿಸುವ ವಿಭಾಗ ಎಲ್ಲಕ್ಕಿಂತ ಕಠಿಣ. ಟಿಸಿಎಫ್‌ನಲ್ಲಿ ಧ್ವನಿ ಕೇಳಿಸುವುದು ಒಂದೇ ಸಲ. ತೊಂಬತ್ತೇಳನ್ನು 'ನಾಲ್ಕು ಇಪ್ಪತ್ತು ಹದಿನೇಳು' ಎನ್ನುವ ಭಾಷೆ ಅದು. ಮನಸ್ಸಿನಲ್ಲಿ ಲೆಕ್ಕ ಹಾಕುತ್ತ ಕುಳಿತರೆ ಮುಂದಿನ ವಾಕ್ಯ ಕೈತಪ್ಪಿ ಹೋಗುತ್ತದೆ. ದಿನಕ್ಕೆ ಅರ್ಧ ಗಂಟೆ ರೇಡಿಯೊ ಕೇಳಿ, ಮೆಟ್ರೊದಲ್ಲಿ ನಿಂತಾದರೂ ಸರಿ. ಟಿಸಿಎಫ್‌ನ ಬರವಣಿಗೆ ಮತ್ತು ಮಾತಿಗೆ 20ಕ್ಕೆ 10 ಬಂದರೆ ಏಳನೇ ಮಟ್ಟ. ಆದರೆ ನಾಲ್ಕರಲ್ಲಿ ಒಂದು ತಪ್ಪಿದರೂ ಆ 50 ಅಂಕವೂ ಇಲ್ಲ, ಪ್ರತ್ಯೇಕ ಸುತ್ತೂ ಇಲ್ಲ.

ದಂಪತಿಗಳಿಗೆ ಒಂದು ಮಾತು. ಫ್ರೆಂಚ್ ಸುತ್ತಿಗೆ ಲೆಕ್ಕವಾಗುವುದು ಮುಖ್ಯ ಅರ್ಜಿದಾರರ ಫ್ರೆಂಚ್ ಮಾತ್ರ. ಹೆಂಡತಿ ಫ್ರೆಂಚ್ ಕಲಿತಿದ್ದು, ಅವರ ಓದು ಮತ್ತು ಅನುಭವ ಅರ್ಹತೆಗೆ ಸಾಕಾಗುವಂತಿದ್ದರೆ ಅವರ ಹೆಸರಿನಲ್ಲೇ ಅರ್ಜಿ ಹಾಕಿ. ಗಂಡನ ಸಂಬಳ ಹೆಚ್ಚು ಎಂಬ ಕಾರಣಕ್ಕೆ ಅವರನ್ನು ಮುಂದೆ ನಿಲ್ಲಿಸಿ ಅವಕಾಶ ಕಳೆದುಕೊಂಡ ಮನೆಗಳನ್ನು ಕಂಡಿದ್ದೇನೆ. ಆಹ್ವಾನ ಬಂದ ಮೇಲೆ ಸಿಗುವುದು 60 ದಿನ. ಪೊಲೀಸ್ ಪ್ರಮಾಣಪತ್ರ, ಹಳೆಯ ಕಂಪನಿಗಳ ಅನುಭವ ಪತ್ರ, ಬ್ಯಾಂಕಿನ ಪತ್ರಗಳನ್ನು ಮೊದಲೇ ಜೋಡಿಸಿಡಿ.

ಒಟ್ಟಾವಾದ ಫೆಡರಲ್ ಕಚೇರಿಗಳಲ್ಲಿ 'ಹಲೋ, ಬೊಂಜೂರ್' ಎಂದು ಎರಡೂ ಭಾಷೆಯಲ್ಲಿ ಸ್ವಾಗತಿಸುತ್ತಾರೆ. ಯಾವ ಭಾಷೆಯಲ್ಲಿ ಉತ್ತರಿಸಿದರೆ ಅದರಲ್ಲೇ ಮಾತು ಮುಂದುವರಿಯುತ್ತದೆ. ಮೊದಲ ದಿನ ನಾನು 'ಬೊಂಜೂರ್' ಎಂದೆ. ಕೌಂಟರಿನಲ್ಲಿದ್ದ ಹಿರಿಯ ಮಹಿಳೆ ನನಗಾಗಿ ಮಾತಿನ ವೇಗ ತಗ್ಗಿಸಿ, ಇಡೀ ಅರ್ಜಿಯನ್ನು ಫ್ರೆಂಚಿನಲ್ಲೇ ತುಂಬಿಸಿ ಕಳಿಸಿದರು.