ಮಂಡಿಯ ಲಿಗಮೆಂಟ್ ಆಪರೇಷನ್: ಮತ್ತೆ ಆಟಕ್ಕಿಳಿಯುವುದು ಹೇಗೆ?

ಓಡುತ್ತಾ ಸರಕ್ಕನೆ ತಿರುಗಿದಿರಿ. ಯಾರೂ ಡಿಕ್ಕಿ ಹೊಡೆದಿಲ್ಲ, ಆದರೂ ಮಂಡಿಯೊಳಗೆ ‘ಟಪ್’ ಅಂತ ಸದ್ದು. ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡಿತು. ಹೀಗಾದರೆ ಎಸಿಎಲ್ ಹರಿದಿರಬಹುದು. ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿಡುವ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆ ಬಿಗಿಯುವ ಗಟ್ಟಿ ಪಟ್ಟಿ ಅದು.

ಮೊದಲು ಆಟ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಕೆಲವು ವಾರಗಳಲ್ಲಿ ಊತ ಇಳಿದು ನಡಿಗೆ ಸಲೀಸಾಗುತ್ತದೆ. ವಾಸಿಯಾಯಿತು ಅಂದುಕೊಂಡು ಎಷ್ಟೋ ಜನ ಮೋಸ ಹೋಗುವುದು ಇಲ್ಲೇ. ಎಂಆರ್‌ಐ ಮಾಡಿಸಿದರೆ ಮಂಡಿಯೊಳಗಿನ ಮೆತ್ತೆ, ಅಂದರೆ ಮೆನಿಸ್ಕಸ್ ಹರಿದಿದೆಯೇ ಎಂಬುದೂ ಗೊತ್ತಾಗುತ್ತದೆ.

ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಈಜು, ಸೈಕಲ್, ನೇರ ಓಟ ಸಾಕು ಅನ್ನುವವರಲ್ಲಿ ಹಲವರು ವ್ಯಾಯಾಮದಿಂದಲೇ ಸುಧಾರಿಸುತ್ತಾರೆ. ಫುಟ್‌ಬಾಲ್, ಕಬಡ್ಡಿ, ಬ್ಯಾಡ್ಮಿಂಟನ್‌ನಂಥ ತಿರುಗಿ ಜಿಗಿಯುವ ಆಟ ಬೇಕೇ ಬೇಕು ಅಂದರೆ, ಅಥವಾ ನಡೆಯುವಾಗಲೂ ಮಂಡಿ ಕೈಕೊಡುತ್ತಿದ್ದರೆ ಆಪರೇಷನ್ ಮಾತು ಬರುತ್ತದೆ.

ಅವಸರ ಮಾತ್ರ ಬೇಡ. ಊತ ಇಳಿಯಲಿ, ಕಾಲು ಪೂರ್ತಿ ನೆಟ್ಟಗಾಗಲಿ, ತೊಡೆಗೆ ಒಂದಿಷ್ಟು ಬಲ ಬರಲಿ. ಬಿಗಿದ ಮಂಡಿಗೆ ಆಪರೇಷನ್ ಮಾಡಿಸಿಕೊಂಡರೆ ಆಮೇಲೂ ಬಿಗಿಯಾಗಿಯೇ ಉಳಿಯುವ ಅಪಾಯ ಹೆಚ್ಚು.

ಆಪರೇಷನ್ ಸಾಮಾನ್ಯವಾಗಿ ಒಂದೆರಡು ಗಂಟೆಯ ಕೆಲಸ. ಹರಿದದ್ದನ್ನು ಹೊಲಿಯುವ ಬದಲು ನಿಮ್ಮದೇ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುರಜ್ಜುವಿನ (ಟೆಂಡನ್) ಒಂದು ಎಳೆ ತೆಗೆಯುತ್ತಾರೆ. ಮೂಳೆಗಳಲ್ಲಿ ರಂಧ್ರ ಕೊರೆದು ಅದನ್ನು ಕೂರಿಸುತ್ತಾರೆ. ಈ ಎಳೆಗೆ ಗ್ರಾಫ್ಟ್ ಎನ್ನುತ್ತಾರೆ.

ಮೊದಲ ಎರಡು ವಾರದ ಗುರಿ ಸಣ್ಣದು, ಆದರೆ ಸುಲಭದ್ದಲ್ಲ. ಕಾಲು ಪೂರ್ತಿ ನೆಟ್ಟಗಾಗಬೇಕು. ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಮಂಡಿಯನ್ನು ಕೆಳಕ್ಕೆ ಒತ್ತಿ. ತೊಡೆಯ ಮುಂಭಾಗ ಬಿಗಿಯಬೇಕು. ನಿಮ್ಮದೇ ತೊಡೆ ನಿಮ್ಮ ಮಾತು ಕೇಳದಿದ್ದರೆ ಗಾಬರಿ ಬೇಡ, ಮಂಡಿ ಊದಿದಾಗ ಆ ಸ್ನಾಯು ಸುಮ್ನೆ ಮಲಗಿಬಿಡುತ್ತದೆ. ಆರಾಮ ಅಂತ ಮಂಡಿಯ ಕೆಳಗೆ ದಿಂಬು ಇಟ್ಟು ಮಲಗಬೇಡಿ, ಕಾಲು ಬಾಗಿದಂತೆಯೇ ಉಳಿದೀತು. ಮೀನಖಂಡ ನೋವಿನಿಂದ ಊದಿದರೆ, ಜ್ವರ ಬಂದರೆ, ಗಾಯ ಸೋರಿದರೆ ಅಂದೇ ವೈದ್ಯರನ್ನು ಕಾಣಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಿ.

ಊರುಗೋಲು ಬಿಟ್ಟ ಮೇಲೆ ನಿಂತಲ್ಲೇ ತುಳಿಯುವ ಸೈಕಲ್, ಅರ್ಧ ಬೈಠಕ್, ಮೆಟ್ಟಿಲು ಹತ್ತುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಬೇಜಾರಿನ ಕೆಲಸ, ನಿಜ. ಆದರೆ ತೊಡೆಗೆ ಬಲ ತುಂಬುವುದು ಇದೇ.

ಮೂರನೇ ತಿಂಗಳ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಆಗ ನೋವಿರುವುದಿಲ್ಲ, ಊತವಿರುವುದಿಲ್ಲ. “ಒಬ್ಬ ಕಮ್ಮಿ ಇದ್ದಾನೆ, ಸುಮ್ನೆ ಬಂದು ನಿಂತ್ಕೋ ಸಾಕು” ಅಂತ ಗೆಳೆಯರ ಫೋನ್ ಬರುತ್ತದೆ. ಒಳಗೆ ಗ್ರಾಫ್ಟ್ ಇನ್ನೂ ಹೊಸ ಲಿಗಮೆಂಟಾಗಿ ಮಾರ್ಪಡುತ್ತಿರುತ್ತದೆ, ಕೂರಿಸಿದ ದಿನಕ್ಕಿಂತಲೂ ದುರ್ಬಲವಾಗಿರಬಹುದು. ಹೋಗಬೇಡಿ. ಫಿಸಿಯೋ ಒಪ್ಪಿದರೆ ಮೂರು-ನಾಲ್ಕು ತಿಂಗಳಿಗೆ ನೇರವಾಗಿ ನಿಧಾನ ಓಟ ಶುರುಮಾಡಬಹುದು, ಅಷ್ಟೆ. ಜಿಗಿತ, ತಿರುವು ಆಮೇಲೆ.

ಪಂದ್ಯಕ್ಕೆ ಕನಿಷ್ಠ 9 ತಿಂಗಳು ಕಾಯಿರಿ. ಕ್ಯಾಲೆಂಡರ್ ಒಂದೇ ಸಾಲದು. ತೊಡೆಯ ಬಲ, ಒಂಟಿ ಕಾಲಿನ ಜಿಗಿತ ಎರಡೂ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕು. ಮೊದಲು ತಂಡದ ಜೊತೆ ಕೆಲವು ವಾರ ಅಭ್ಯಾಸ, ಆಮೇಲೆ ಪಂದ್ಯದಲ್ಲಿ ಹತ್ತು ಹದಿನೈದು ನಿಮಿಷ. ಮರುದಿನ ಬೆಳಿಗ್ಗೆ ಎರಡೂ ಮಂಡಿ ಪಕ್ಕಪಕ್ಕ ಇಟ್ಟು ನೋಡಿ. ಊದಿದ್ದರೆ, ಊತ ಇಳಿಯುವ ತನಕ ಮುಂದಿನ ಪಂದ್ಯ ಬೇಡ.