ಬಹುಭಾಗದ ಚಿಪ್‌ಗಳ ಪವರ್ ಪಿನ್‌ಗಳನ್ನು ಸ್ಕೀಮ್ಯಾಟಿಕ್‌ನಲ್ಲಿ ಬರೆಯುವ ಕ್ರಮ

7400 ಎಂಬ ಲಾಜಿಕ್ ಚಿಪ್ಪಿನ 14 ಕಾಲುಗಳಲ್ಲಿ (ಪಿನ್‌ಗಳಲ್ಲಿ) ಹನ್ನೆರಡು, ಅದರೊಳಗಿನ ನಾಲ್ಕು ನ್ಯಾಂಡ್ ಗೇಟುಗಳಿಗೆ (ತರ್ಕ ಕ್ರಿಯೆ ಮಾಡುವ ಬಿಡಿ ಭಾಗಗಳಿಗೆ) ಸಲ್ಲುತ್ತವೆ. ಉಳಿದೆರಡು, ಅಂದರೆ 14ನೆಯ ವಿಸಿಸಿ (ವಿದ್ಯುತ್ ಪೂರೈಕೆ) ಮತ್ತು 7ನೆಯ ಗ್ರೌಂಡ್, ಯಾವೊಂದು ಗೇಟಿಗೂ ಸೇರದೆ ನಾಲ್ಕಕ್ಕೂ ಬೇಕಾದವು. ಗೇಟುಗಳನ್ನು ಸ್ಕೀಮ್ಯಾಟಿಕ್‌ನ, ಅಂದರೆ ಸರ್ಕ್ಯೂಟ್ ನಕ್ಷೆಯ, ಬೇರೆ ಬೇರೆ ಹಾಳೆಗಳಲ್ಲಿ ಇರಿಸಬಹುದಾದ್ದರಿಂದ, ಈ ಎರಡು ಪಿನ್‌ಗಳನ್ನು ಎಲ್ಲಿ ತೋರಿಸಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು.

ಅವುಗಳನ್ನು ಅದೃಶ್ಯವಾಗಿಡುವುದು ಹಳೆಯ ಪದ್ಧತಿ. ಕಿಕ್ಯಾಡ್ ಎಂಬ ಸರ್ಕ್ಯೂಟ್ ವಿನ್ಯಾಸ ತಂತ್ರಾಂಶದಲ್ಲಿ ಅದೃಶ್ಯವಾದ ಪವರ್ ಇನ್‌ಪುಟ್ ಪಿನ್ ತನ್ನ ಹೆಸರಿನ ಗ್ಲೋಬಲ್ ನೆಟ್‌ಗೆ (ಎಲ್ಲ ಹಾಳೆಗಳಿಗೂ ಸಾಮಾನ್ಯವಾದ ಸಂಪರ್ಕಕ್ಕೆ) ತಾನಾಗಿಯೇ ಸೇರಿಕೊಳ್ಳುತ್ತದೆ. ಚಿತ್ರ ಚೊಕ್ಕವಾಗಿ ಕಾಣುತ್ತದೆ ನಿಜ, ಆದರೆ 7400 ಪಕ್ಕದಲ್ಲಿ ಸಿಡಿ4011 ಎಂಬ ಇನ್ನೊಂದು ನ್ಯಾಂಡ್ ಚಿಪ್ ಬಂದರೆ ತೊಂದರೆ ಶುರು: ಅದರ ಪೂರೈಕೆ ಮತ್ತು ಗ್ರೌಂಡ್ ಪಿನ್‌ಗಳ ಹೆಸರು ವಿಡಿಡಿ ಮತ್ತು ವಿಎಸ್‌ಎಸ್ ಆಗಿರುವುದರಿಂದ, ಎರಡೂ ಚಿಪ್‌ಗಳಿಗೆ 5 ವೋಲ್ಟ್ ಒಂದೇ ಮೂಲದಿಂದ ಬರಬೇಕಿದ್ದರೂ ಬೋರ್ಡಿನಲ್ಲಿ ಅವುಗಳ ಗ್ರೌಂಡ್‌ಗಳು ಕೂಡ ಬೇರೆ ಬೇರೆಯಾಗಿಯೇ ಉಳಿಯುತ್ತವೆ. 3.3 ವೋಲ್ಟ್ ಬೇಕಾದ ಚಿಪ್ಪಿನ ಅದೃಶ್ಯ ವಿಸಿಸಿ, ಅದೇ ಹೆಸರಿನ 5 ವೋಲ್ಟ್ ನೆಟ್‌ಗೆ ಸದ್ದಿಲ್ಲದೆ ಸೇರಿಕೊಂಡರಂತೂ ಇನ್ನೂ ಕೆಟ್ಟದ್ದು.

ಆದ್ದರಿಂದ ಪವರ್ ಪಿನ್‌ಗಳಿಗೆ ಪ್ರತ್ಯೇಕ ಯೂನಿಟ್ (ಚಿಪ್ಪಿನ ಸಿಂಬಲ್‌ನ ಬಿಡಿ ಭಾಗ) ಮಾಡುವುದೇ ಸರಿ. ಸಿಂಬಲ್ ಎಡಿಟರ್‌ನಲ್ಲಿ ಯೂನಿಟ್‌ಗಳ ಸಂಖ್ಯೆಯನ್ನು ಐದು ಮಾಡಿ, ಐದನೆಯದರಲ್ಲಿ 14 ಮತ್ತು 7ನೆಯ ಪಿನ್‌ಗಳನ್ನು ಕಾಣುವಂತೆ, ಪವರ್ ಇನ್‌ಪುಟ್ ಎಂಬ ಬಗೆಯಲ್ಲಿ ಇರಿಸಿ. ಎಲ್ಲ ಯೂನಿಟ್‌ಗಳೂ ಅದಲುಬದಲಾಗಬಲ್ಲವು ಎಂಬ ಗುರುತನ್ನು ತೆಗೆಯಿರಿ. ಸ್ಕೀಮ್ಯಾಟಿಕ್‌ನಲ್ಲಿ ಯು1ಎ ಇಂದ ಯು1ಡಿ ವರೆಗಿನವು ಗೇಟುಗಳಾಗುತ್ತವೆ, ಯು1ಇ ಪವರ್ ಆಗುತ್ತದೆ. ಇಂಥ ಪವರ್ ಯೂನಿಟ್‌ಗಳನ್ನೆಲ್ಲ ಒಂದೇ ಹಾಳೆಯಲ್ಲಿ ಸಾಲಾಗಿ ಇರಿಸಿ, ಪ್ರತಿಯೊಂದರ ಪಕ್ಕದಲ್ಲೂ 0.1 ಮೈಕ್ರೋಫ್ಯಾರಡ್ ಡಿಕಪ್ಲಿಂಗ್ ಕೆಪಾಸಿಟರ್ (ಪೂರೈಕೆಯ ಏರಿಳಿತ ತಗ್ಗಿಸುವಂಥದ್ದು) ಬರೆದರೆ, ಯಾವ ಕೆಪಾಸಿಟರ್ ಯಾವ ಚಿಪ್ಪಿನದೆಂದು ಬೋರ್ಡ್ ಜೋಡಿಸುವವರು ಹುಡುಕಬೇಕಾಗುವುದಿಲ್ಲ.

ಬಳಸದ ಭಾಗಗಳನ್ನೂ ಬಿಡದೆ ಬರೆಯಬೇಕು. 74ಎಚ್‌ಸಿ00ದಂಥ ಸೀಮಾಸ್ ಗೇಟಿನ ಖಾಲಿ ಇನ್‌ಪುಟ್‌ಗಳನ್ನು ವಿಸಿಸಿಗೋ ಗ್ರೌಂಡಿಗೋ ಕಟ್ಟಿ, ಔಟ್‌ಪುಟ್‌ಗೆ ಸಂಪರ್ಕವಿಲ್ಲವೆಂಬ ಗುರುತು ಹಾಕಿ. ನಾಲ್ಕು ಆಪ್‌ಆಂಪ್‌ಗಳಿರುವ (ಆಪರೇಷನಲ್ ಆಂಪ್ಲಿಫೈಯರ್‌ಗಳಿರುವ) ಎಲ್‌ಎಂ324ರಲ್ಲಿ ಒಂದು ಉಳಿದರೆ ಅದರ ಔಟ್‌ಪುಟ್ಟನ್ನು ಇನ್ವರ್ಟಿಂಗ್ ಇನ್‌ಪುಟ್‌ಗೆ ಜೋಡಿಸಿ, ಮತ್ತೊಂದು ಇನ್‌ಪುಟ್‌ಗೆ ಪೂರೈಕೆಯ ಅರ್ಧದಷ್ಟು ವೋಲ್ಟೇಜ್ ಕೊಡಿ.

ಇಆರ್‌ಸಿ, ಅಂದರೆ ಸ್ಕೀಮ್ಯಾಟಿಕ್‌ನ ವಿದ್ಯುತ್ ನಿಯಮಗಳ ತಪಾಸಣೆ, ನಡೆಸಿದಾಗ ಪವರ್ ಇನ್‌ಪುಟ್ ಪಿನ್‌ಗೆ ಯಾವ ಪವರ್ ಔಟ್‌ಪುಟ್ಟೂ ಇಲ್ಲವೆಂಬ ದೂರು ಬರುವುದು ಸಾಮಾನ್ಯ. ವಿದ್ಯುತ್ ಕನೆಕ್ಟರ್ ಮೂಲಕ ಒಳಬಂದರೆ ಆ ಪಿನ್ ಪ್ಯಾಸಿವ್ ಬಗೆಯದಾದ್ದರಿಂದ, ಈ ನೆಟ್‌ಗೆ ವಿದ್ಯುತ್ ಬರುತ್ತದೆಂದು ತಿಳಿಸುವ ಪವರ್ ಫ್ಲ್ಯಾಗ್ ಸಿಂಬಲ್ ಅಲ್ಲಿ ಇರಿಸಬೇಕು. ನಡುವೆ ಫ್ಯೂಸ್ ಅಥವಾ ಫೆರೈಟ್ ಬೀಡ್ ಇದ್ದರೆ ಆಚೆಗಿನ ನೆಟ್‌ಗೂ ಒಂದು ಬೇಕು. ರೆಗ್ಯುಲೇಟರ್ ಸಿಂಬಲ್‌ನ ಔಟ್‌ಪುಟ್ ಪಿನ್ ಪವರ್ ಔಟ್‌ಪುಟ್ ಬಗೆಯದಾಗಿದ್ದರೆ ಅದರ ಅಗತ್ಯವಿಲ್ಲ. ದೂರನ್ನು ಅಡಗಿಸಲೆಂದೇ ಫ್ಲ್ಯಾಗ್ ಅಂಟಿಸುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ, ನಿಜವಾಗಿ ತುಂಡಾದ ನೆಟ್ ಕೂಡ ಹಾಗೆಯೇ ಮುಚ್ಚಿಹೋಗುತ್ತದೆ.

ಕೊನೆಗೆ, ಬೋರ್ಡ್ ಲೇಔಟ್‌ನಲ್ಲಿ ಪ್ರತಿ ಚಿಪ್ಪಿನ ಪವರ್ ಪ್ಯಾಡ್‌ಗಳ ನೆಟ್ ಹೆಸರನ್ನು ಡೇಟಾಶೀಟಿನೊಡನೆ ಹೋಲಿಸಿ ನೋಡಿ. ಮೂಲೆಯ ಕಾಲುಗಳೇ ಪವರ್ ಎಂದು ಊಹಿಸಬೇಡಿ: 7490ರಲ್ಲಿ ವಿಸಿಸಿ 5ನೆಯದು, ಗ್ರೌಂಡ್ 10ನೆಯದು, ಎಲ್‌ಎಂ324ರಲ್ಲಿ ಅವು 4 ಮತ್ತು 11.