ಒಂದು ಲೋಟ ನೀರು, ಒಂದು ತುಂಡು ಕಾಂಡ

ಕೋಲಾರದ ಕಡೆ ಟೊಮೆಟೊ ಬೆಳೆಯುವವರಿಗೆ ಸೊರಗು ರೋಗದ ಪರಿಚಯ ಮಾಡಿಕೊಡಬೇಕಿಲ್ಲ. ನಿನ್ನೆ ಕಾಯಿ ತುಂಬಿ ನಿಂತಿದ್ದ ಗಿಡ ಇವತ್ತು ಮಧ್ಯಾಹ್ನ ಜೋತು ಬಿದ್ದಿರುತ್ತದೆ. ಎಲೆ ಹಳದಿಯಾಗುವುದಿಲ್ಲ, ಹಸಿರಾಗಿಯೇ ಬಾಡುತ್ತದೆ. "ಬಿಸಿನೀರು ಹುಯ್ದಂಗೆ ಆಗೋಗೈತೆ ನೋಡಿ ಮೇಡಮ್" ಅಂತ ಒಬ್ಬ ರೈತರು ನನಗೆ ತೋರಿಸಿದ್ದರು. ನಾನಾಗ ಪಿಎಚ್‌ಡಿಗೆ ಸೇರಿ ಕೆಲವೇ ತಿಂಗಳಾಗಿತ್ತು.

ನನ್ನ ಮಾರ್ಗದರ್ಶಕರು ಆ ರೈತರ ಮನೆಯಿಂದ ಒಂದು ಗಾಜಿನ ಲೋಟ ತರಿಸಿ ನೀರು ತುಂಬಿಸಿದರು. ಬಾಡಿದ ಗಿಡದ ಬುಡದಿಂದ ಎರಡು ಇಂಚು ಕಾಂಡ ಕತ್ತರಿಸಿ, ಅದರ ತುದಿ ನೀರಿಗೆ ತಾಗುವ ಹಾಗೆ ಹಿಡಿದರು. ಎರಡು ಮೂರು ನಿಮಿಷ ಅಷ್ಟೇ. ಕತ್ತರಿಸಿದ ಜಾಗದಿಂದ ಹಾಲಿನ ಎಳೆ ಹಾಗೆ ಏನೋ ಇಳಿಯತೊಡಗಿತು. ಅದೇ ಬ್ಯಾಕ್ಟೀರಿಯಾ, ರಾಲ್ಸ್ಟೋನಿಯಾ ಸೊಲನೇಸಿಯಾರಮ್. ಕೋಟಿಗಟ್ಟಲೆ ಇರುತ್ತವೆ. ಅವು ಬಿಡುವ ಅಂಟು ಗಿಡದ ನೀರಿನ ಕೊಳವೆಗಳನ್ನೇ ಕಟ್ಟಿಬಿಡುತ್ತದೆ. ಮಣ್ಣಲ್ಲಿ ತೇವ ಇದ್ದರೂ ಗಿಡ ಬಾಯಾರಿ ಸಾಯುತ್ತದೆ. ಆ ರೈತರು ಎರಡು ವರ್ಷದಿಂದ ಇದು ಶಿಲೀಂಧ್ರ ಅಂದುಕೊಂಡು ಔಷಧಿ ಸುರಿದಿದ್ದರು. ಲೋಟ ನೋಡಿ ಅವರು ಕೇಳಿದ್ದು ಒಂದೇ ಮಾತು: "ಹಂಗಾದ್ರೆ ಇದಕ್ಕೇನು ಹೊಡೀಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯೇ ನನ್ನನ್ನು ಈ ಕೆಲಸಕ್ಕೆ ಕಟ್ಟಿಹಾಕಿತು.

ಬ್ಯಾಕ್ಟೀರಿಯಾದಿಂದ ಗಿಡಕ್ಕೆ ರೋಗ ಬರುತ್ತದೆ ಅನ್ನುವುದನ್ನೇ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅನೇಕರು ನಂಬಿರಲಿಲ್ಲ. ಅಮೆರಿಕದ ವಿಜ್ಞಾನಿ ಅರ್ವಿನ್ ಸ್ಮಿತ್ 1896ರಲ್ಲಿ ನಮ್ಮ ಈ ಬ್ಯಾಕ್ಟೀರಿಯಾವನ್ನು ವಿವರಿಸಿದರು. ಇದನ್ನು ಒಪ್ಪದ ಜರ್ಮನಿಯ ಸಸ್ಯವಿಜ್ಞಾನಿ ಆಲ್ಫ್ರೆಡ್ ಫಿಶರ್ ಜೊತೆ ಇದೇ ವಿಷಯಕ್ಕೆ ಅವರು ವರ್ಷಗಟ್ಟಲೆ ವಾದ ಮಾಡಿದ್ದರು. ಆ ಕಥೆ ಓದಿದಾಗ ನನಗೆ ಧೈರ್ಯ ಬರುತ್ತಿತ್ತು.

ನನ್ನ ದೊಡ್ಡ ಪೆಟ್ಟು ಬಿದ್ದಿದ್ದು ಪಿಎಚ್‌ಡಿಯ ಎರಡನೇ ವರ್ಷ. ರೋಗ ತಡೆಯುವ ಟೊಮೆಟೊ ತಳಿಗಳನ್ನು ಹುಡುಕುತ್ತಿದ್ದೆ. ಕುಂಡದಲ್ಲಿ ಸಸಿ ಬೆಳೆಸಿ, ಬೇರಿಗೆ ಸ್ವಲ್ಪ ಗಾಯ ಮಾಡಿ, ಬ್ಯಾಕ್ಟೀರಿಯಾ ಕಲಸಿದ ನೀರು ಹಾಕುತ್ತಿದ್ದೆ. ಒಂದು ಗಿಡವೂ ಬಾಡಲಿಲ್ಲ. ಎಷ್ಟು ಖುಷಿಪಟ್ಟೆ ಗೊತ್ತಾ! ಆಮೇಲೆ ಕಣ್ಣು ಬಿದ್ದಿದ್ದು, ಹೋಲಿಕೆಗೆ ಇಟ್ಟಿದ್ದ ಪೂಸಾ ರೂಬಿ ಮೇಲೆ. ಅದು ಈ ರೋಗಕ್ಕೆ ಸುಲಭವಾಗಿ ಬಲಿಯಾಗುವ ತಳಿ. ಅದೂ ನೆಟ್ಟಗೆ ನಿಂತಿತ್ತು. ಕೆಟ್ಟಿದ್ದು ನನ್ನ ಬ್ಯಾಕ್ಟೀರಿಯಾ. ಲ್ಯಾಬ್ ತಟ್ಟೆಯಿಂದ ತಟ್ಟೆಗೆ ಮತ್ತೆ ಮತ್ತೆ ಬೆಳೆಸುತ್ತಾ ಹೋದರೆ ಅದು ರೋಗ ತರುವ ಗುಣ ಕಳೆದುಕೊಳ್ಳುತ್ತದೆ. ಟೆಟ್ರಜೋಲಿಯಮ್ ಅನ್ನುವ ರಾಸಾಯನಿಕ ಹಾಕಿದ ತಟ್ಟೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. 1954ರಲ್ಲಿ ಅಮೆರಿಕದ ಸಸ್ಯರೋಗ ವಿಜ್ಞಾನಿ ಕೆಲ್ಮನ್ ಕೊಟ್ಟ ಈ ವಿಧಾನ ಇಂದಿಗೂ ನಡೆಯುತ್ತಿದೆ. ರೋಗ ತರುವವು ನೀರಾಗಿ ಹರಡಿದ ಬಿಳಿ ಗುಂಪುಗಳು, ನಡುವೆ ತಿಳಿ ಗುಲಾಬಿ. ಗುಣ ಕಳೆದುಕೊಂಡವು ಸಣ್ಣಗೆ, ದುಂಡಗೆ, ಕಡುಗೆಂಪು. ನನ್ನ ತಟ್ಟೆ ತುಂಬಾ ಕೆಂಪೇ ಇತ್ತು. ಸರಿಯಾಗಿ ನೋಡಿರಲಿಲ್ಲ, ಅಷ್ಟೇ. ಎಂಟು ತಿಂಗಳ ಕೆಲಸ ಹೋಯಿತು. ಜೋಪಾನವಾಗಿರಲಿ ಅಂತ ಫ್ರಿಜ್‌ನಲ್ಲಿ ಇಟ್ಟಿದ್ದವೂ ಮತ್ತೆ ಬೆಳೆಯಲಿಲ್ಲ.

ಆಮೇಲೆ ಕಲಿತೆ, ಈ ಬ್ಯಾಕ್ಟೀರಿಯಾವನ್ನು ಉಳಿಸಿಕೊಳ್ಳುವ ದಾರಿ ಬರೀ ನೀರು. ಆಟೋಕ್ಲೇವ್ ಮಾಡಿದ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದ, ಡಿಸ್ಟಿಲ್ಡ್ ವಾಟರ್ ಐದು ಎಂ.ಎಲ್. ಅದಕ್ಕೆ ಹೊಸದಾಗಿ ಬೆಳೆದ ಬಿಳಿ ಗುಂಪಿನಿಂದ ಒಂದು ಲೂಪ್, ಅಂದರೆ ಸಣ್ಣ ತಂತಿ ಉಂಗುರದಲ್ಲಿ ಬಂದಷ್ಟು. ಮುಚ್ಚಳ ಬಿಗಿ ಮಾಡಿ ಬೆಳಕು ಬೀಳದ ಕಪಾಟಿನಲ್ಲಿ ಇಡಬೇಕು, ಫ್ರಿಜ್ ಬೇಡ. ಊಟವೇ ಇಲ್ಲದ ನೀರಿನಲ್ಲಿ ಅದು ವರ್ಷಗಟ್ಟಲೆ ಬದುಕುತ್ತದೆ, ಗುಣವೂ ಉಳಿಯುತ್ತದೆ. ಹೊಲದ ಕಾಲುವೆ ನೀರಿನಲ್ಲಿ ಅದು ಒಂದು ಮಡಿಯಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಅನ್ನುವುದು ಆ ಟ್ಯೂಬುಗಳನ್ನು ನೋಡಿದ ಮೇಲೆ ನನಗೆ ಚೆನ್ನಾಗಿ ಅರ್ಥವಾಯಿತು.

2002ರಲ್ಲಿ ಫ್ರಾನ್ಸ್ ತಂಡ ಈ ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಅದರ ಪೂರ್ತಿ ಡಿಎನ್ಎ ಬರಹ, ಪ್ರಕಟಿಸಿತು, ಸುಮಾರು 58 ಲಕ್ಷ ಅಕ್ಷರ. ನಮ್ಮ ಲ್ಯಾಬ್‌ನ ಕೆಲಸವೂ ಡಿಎನ್ಎ ಕಡೆ ತಿರುಗಿತು. ಆದರೆ ನಾನು ಹೊಲ ಬಿಡಲಿಲ್ಲ.

ಆ ರೈತರ ಪ್ರಶ್ನೆಗೆ ಈಗ ನಾನು ಕೊಡುವ ಉತ್ತರ: ಹೊಡೆಯಬೇಡಿ. ಸ್ಟ್ರೆಪ್ಟೋಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಎಷ್ಟು ಸಿಂಪಡಿಸಿದರೂ ಕಾಂಡದೊಳಗೆ, ಮಣ್ಣೊಳಗೆ ಕೂತದ್ದು ಸಾಯುವುದಿಲ್ಲ. ಟೊಮೆಟೊ ಆದ ಮೇಲೆ ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬೇಡಿ, ಎಲ್ಲವೂ ಅದಕ್ಕೆ ಊಟವೇ. ರಾಗಿ, ಜೋಳ ಹಾಕಿ. ಬಾಡಿದ ಗಿಡ ಕಿತ್ತು ಹೊರಗೆ ಹಾಕಿ, ಕಾಲುವೆಗೆ ಎಸೆಯಬೇಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ತಳಿ ಈ ರೋಗ ತಡೆದುಕೊಳ್ಳುತ್ತದೆ. ಬದನೆ ಬೇರಿನ ಮೇಲೆ ಟೊಮೆಟೊ ಕಸಿ ಮಾಡುವುದೂ ಕೆಲಸ ಮಾಡುತ್ತದೆ. ಬದನೆಯೂ ಹುಷಾರಾಗಿ ಆರಿಸಿದ್ದು, ರೋಗ ತಡೆಯುವಂಥದ್ದೇ ಆಗಿರಬೇಕು.

ಶುಂಠಿ ಬೆಳೆಯುವವರ ವಿಷಯ ಮಾತ್ರ ನನಗೆ ಸಂಕಟ. ಅಲ್ಲೂ ಇದೇ ಸೊರಗು ರೋಗ ಬರುತ್ತದೆ, ಬಿತ್ತನೆ ಗೆಡ್ಡೆಯಲ್ಲೇ ಕೂತು ಊರಿಂದ ಊರಿಗೆ ಹೋಗುತ್ತದೆ. ಹೊರಗಿಂದ ಗೆಡ್ಡೆ ಚೆನ್ನಾಗಿಯೇ ಕಾಣುತ್ತದೆ. ಬೀಜಕ್ಕೆ ಶುಂಠಿ ತರುವವರು ರಾಶಿ ಹಾಕಿದ ಮೇಲೆ ನೋಡಿದರೆ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಹಸಿರಾಗಿರುವಾಗಲೇ ಆ ಹೊಲಕ್ಕೆ ಹೋಗಿ ಬನ್ನಿ. ಒಂದು ಮಡಿ ಬಾಡಿದ್ದು ಕಂಡರೂ, ಆ ಹೊಲದ ಬೀಜ ಬೇಡ.